ಸಹಾಯ ಬೇಕು: ಕಡಲ ರಿಗ್‌ನ ಸುರಕ್ಷತಾ ಕಾರ್ಡುಗಳ ಕುರಿತು

ಗುಂಪಿನ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನಾನು ಧಾರವಾಡದವನು, ಅರಬ್ಬಿ ಸಮುದ್ರದ ಒಂದು ತೈಲಬಾವಿ ಕೊರೆಯುವ ರಿಗ್‌ನಲ್ಲಿ ಸುರಕ್ಷತಾ ಅಧಿಕಾರಿಯಾಗಿದ್ದು, ಸದ್ಯ ರಜೆಯ ಮೇಲೆ ಊರಿನಲ್ಲಿದ್ದೇನೆ.

ಸಹೋದ್ಯೋಗಿಗಳು ಕೆಲಸ ಮಾಡುವ ರೀತಿಯನ್ನು ಗಮನಿಸಿ ಪ್ರತಿಯೊಬ್ಬರೂ ಕಾರ್ಡ್ ಬರೆದುಕೊಡಬೇಕೆಂಬ ನಿಯಮ ನಮ್ಮಲ್ಲಿದೆ. ಆದರೆ ಕಾರ್ಡುಗಳ ಸಂಖ್ಯೆಗೆ ಗುರಿ ನಿಗದಿಯಾದಂದಿನಿಂದ ‘ಕೈಗವಸು ಇರಲಿಲ್ಲ’ ಎಂಬಂಥ ಸಾಲುಗಳೇ ತುಂಬುತ್ತಿದ್ದು, ಪೈಪ್ ಜೋಡಿಸುವಾಗ ಟಾಂಗ್‌ಗೆ (ಪೈಪ್ ಹಿಡಿದು ಬಿಗಿಯುವ ದೊಡ್ಡ ಇಕ್ಕಳಕ್ಕೆ) ಕೈ ಸಿಲುಕುವ ಅಪಾಯವಾಗಲಿ, ಕ್ರೇನ್ ಎತ್ತಿದ ಹೊರೆಯ ಕೆಳಗೆ ಓಡಾಡುವುದಾಗಲಿ ದಾಖಲಾಗುತ್ತಿಲ್ಲ. ಗುತ್ತಿಗೆ ಕಾರ್ಮಿಕರಂತೂ ಕೆಲಸ ಹೋದೀತೆಂದು ಬಾಯಿ ಬಿಡುವುದೇ ಇಲ್ಲ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ರಿಗ್ ಸ್ಫೋಟಗೊಂಡು 11 ಮಂದಿ ಸತ್ತರು. ಏಳು ವರ್ಷ ಕೆಲಸ ತಪ್ಪಿಸುವಂಥ ಗಾಯವೇ ಆಗಿಲ್ಲವೆಂದು ಅಭಿನಂದಿಸಲು ಮೇಲಧಿಕಾರಿಗಳು ಅದೇ ದಿನ ಆ ರಿಗ್‌ನಲ್ಲಿದ್ದರು. ಕೈಗವಸಿನ ಲೆಕ್ಕ ಹಿಡಿಯುವ ಕಾರ್ಡಿಗೆ, ಅಲ್ಲಿ ಸ್ಫೋಟಕ್ಕೆ ಮುನ್ನ ಆದಂತೆ ಬಾವಿಯ ಒತ್ತಡ ಪರೀಕ್ಷೆಯನ್ನು ತಪ್ಪಾಗಿ ಅರ್ಥೈಸಿದ್ದು ಕಾಣಿಸದು ಎಂಬುದೇ ನನ್ನ ಆತಂಕ.

ರಿಗ್‌ಗಳಲ್ಲಾಗಲಿ, ನಮ್ಮ ಹುಬ್ಬಳ್ಳಿ-ಧಾರವಾಡದ ತಾರಿಹಾಳ ಅಥವಾ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಾಗಲಿ ಇಂಥ ಕಾರ್ಯಕ್ರಮ ನಡೆಸಿದವರು, ಗುರಿ ಕೈಬಿಟ್ಟ ಮೇಲೆ ಬರಹದ ಗುಣಮಟ್ಟ ಸುಧಾರಿಸಿತೇ, ಅಪಾಯ ಕಂಡು ಕೆಲಸ ನಿಲ್ಲಿಸಿದ ಕಾರ್ಮಿಕನಿಗೆ ಮೇಲ್ವಿಚಾರಕರಿಂದ ತೊಂದರೆಯಾಗದಂತೆ ಏನು ವ್ಯವಸ್ಥೆ ಮಾಡಿದಿರಿ ಎಂಬುದನ್ನು ದಯವಿಟ್ಟು ತಿಳಿಸಬೇಕು. ಕನ್ನಡದ ಇಲ್ಲವೇ ಹಿಂದಿಯ ಮಾದರಿ ಕಾರ್ಡ್ ಇದ್ದರೆ ಹಂಚಿಕೊಳ್ಳಿ. ನಮ್ಮಲ್ಲಿರುವುದು ಇಂಗ್ಲಿಷಿನದು ಮಾತ್ರ.