ಹತ್ತಿರ ಹೋಗದೆ ಅದು ಕಲ್ಲು ಅಂತ ಹೇಗೆ ಗೊತ್ತಾಯ್ತು?

ಕುವೆಂಪುನಗರದ ಅಮ್ಮ:
ನಮಸ್ಕಾರ. ಮಗಳು ಎಂಟನೇ ಕ್ಲಾಸು. ಮಂಗಳ ಮತ್ತು ಗುರು ಗ್ರಹದ ನಡುವೆ ಸುತ್ತುವ ಕ್ಷುದ್ರಗ್ರಹಗಳ ಪಾಠ ಬಂದಿದೆ. ಕೆಲವು ಕಲ್ಲಿನವು, ಕೆಲವು ಇದ್ದಿಲಿನ ಹಾಗೆ ಕಪ್ಪು ಅಂತ ಓದಿದಳು. "ಯಾರೂ ಹೋಗಿ ಮುಟ್ಟಿಲ್ಲ, ಕಲ್ಲು ಅಂತ ಯಾರು ಹೇಳಿದ್ದು?" ಎಂದು ಕೇಳುತ್ತಿದ್ದಾಳೆ. ನನಗೆ ಉತ್ತರ ಬರಲಿಲ್ಲ. ಒಡೆದ ಗ್ರಹದ ಚೂರುಗಳು ಅನ್ನೋದು ನಿಜವಾ? ಮೈಸೂರಿಂದ ಒಂದಾದರೂ ಕಾಣುತ್ತದಾ?

ಪಾಂಡವಪುರದ ರೈತ:
ಅಕ್ಕ, ಮಗಳ ಪ್ರಶ್ನೆ ತುಂಬಾ ಚೆನ್ನಾಗಿದೆ. ನಮ್ಮ ಕಡೆ ಆಲೆಮನೆಯಲ್ಲಿ ಕೊಪ್ಪರಿಗೆಯಿಂದ ದೂರ ನಿಂತವರೂ ಪಾಕದ ಬಣ್ಣ ನೋಡಿಯೇ ಹದ ಹೇಳುತ್ತಾರೆ. ಇದೂ ಹಾಗೇ. ಆ ಕಲ್ಲಿನ ಮೇಲೆ ಬಿದ್ದ ಬಿಸಿಲು ನಮ್ಮ ಕಡೆ ವಾಪಸ್ ಬರುತ್ತದೆ. ಅದನ್ನು ಬಣ್ಣ ಬಣ್ಣವಾಗಿ ಬಿಡಿಸಿದರೆ, ಆಲಿವಿನ್, ಪೈರಾಕ್ಸೀನ್ ಅನ್ನೋ ಖನಿಜಗಳು ಹೀರಿಕೊಂಡ ಭಾಗ ಮಂಕಾಗಿರುತ್ತದೆ. ಭೂಮಿಗೆ ಬಿದ್ದ ಉಲ್ಕಾಶಿಲೆಗಳಲ್ಲೂ ಇವೇ ಇವೆ.

ಹತ್ತಿರ ಹೋಗಿದ್ದೂ ಉಂಟು. 1991ರಲ್ಲಿ ಗೆಲಿಲಿಯೋ ನೌಕೆ ಗ್ಯಾಸ್ಪ್ರಾ ಅನ್ನೋ ಕ್ಷುದ್ರಗ್ರಹದ ಪಕ್ಕ ಹಾದುಹೋಯಿತು. 1993ರಲ್ಲಿ ಇಡಾ. ಎರಡೂ ಕಲ್ಲಿನವೇ. ಇಡಾಕ್ಕೆ ಪುಟಾಣಿ ಚಂದ್ರ ಬೇರೆ ಇದೆ! ಜಪಾನಿನ ಹಯಾಬುಸಾ ನೌಕೆ ಇಟೊಕಾವಾದಿಂದ 2010ರಲ್ಲಿ ದೂಳನ್ನೇ ತಂದಿತು. ಅದು ಭೂಮಿಗೆ ಹತ್ತಿರ ಬರುವ ಕ್ಷುದ್ರಗ್ರಹ, ಆದರೆ ಜಾತಿ ಇದೇ. ದೂಳು ಉಲ್ಕಾಶಿಲೆಗೆ ತಾಳೆಯಾಯಿತು.

ನಾನು ಕಣ್ಣಾರೆ ನೋಡಿದ್ದು ಐರಿಸ್. ಸುಮಾರು 200 ಕಿ.ಮೀ. ಅಗಲದ ಕಲ್ಲು. 2017ರ ದೀಪಾವಳಿ ಮುಗಿದ ವಾರ, ಮೇಷ ರಾಶಿಯ ಹಮಲ್ ನಕ್ಷತ್ರದ ಹತ್ತಿರ ಇತ್ತು. ಕಬ್ಬಿನ ಗದ್ದೆ ಬದುವಿನ ಮೇಲೆ ಕೂತು, ಬೈನಾಕ್ಯುಲರಿನಲ್ಲಿ ಕಂಡ ಚುಕ್ಕಿಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದೆ. ಮಾರನೇ ರಾತ್ರಿ ಮೋಡ. ಅದರ ಮಾರನೇ ದಿನ ನೋಡಿದರೆ ಒಂದು ಚುಕ್ಕಿ ಮಾತ್ರ ಪಡುವಣಕ್ಕೆ ಜರುಗಿತ್ತು! ಮನೆಯವಳನ್ನು ಎಬ್ಬಿಸಿ ತೋರಿಸಿದೆ. ನೋಡೋಕೆ ಸುಮ್ನೆ ಒಂದು ಚುಕ್ಕಿ ಅಷ್ಟೇ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಶ್ರೀರಂಗಪಟ್ಟಣದ ನಿವೃತ್ತ ಮೇಷ್ಟ್ರು:
ಒಡೆದ ಗ್ರಹ ಅನ್ನೋದು ಹಳೇ ಊಹೆ. ಮಂಗಳ, ಗುರು ನಡುವೆ ಸುತ್ತುವ ಆ ಕಲ್ಲನ್ನೆಲ್ಲ ಕೂಡಿಸಿದರೂ ನಮ್ಮ ಚಂದ್ರನ ತೂಕದ ನೂರಕ್ಕೆ ಮೂರು ಪಾಲು ಅಷ್ಟೇ. ಗುರು ಗ್ರಹದ ಸೆಳೆತದಿಂದಾಗಿ ಅಲ್ಲಿ ಗ್ರಹ ಕಟ್ಟಿಕೊಳ್ಳಲೇ ಇಲ್ಲ.

ಪಾಂಡವಪುರದವರು ಚುಕ್ಕಿ ಬರೆದು ನೋಡಿದ್ದು ಓದಿ ಖುಷಿಯಾಯಿತು. 1861ರ ಏಪ್ರಿಲ್‌ನಲ್ಲಿ ಮದ್ರಾಸಿನ ವೀಕ್ಷಣಾಲಯದಲ್ಲಿ ನಾರ್ಮನ್ ಪಾಗ್ಸನ್ ಒಂದು ಕಲ್ಲಿನ ಕ್ಷುದ್ರಗ್ರಹ ಕಂಡುಹಿಡಿದರು. ಆಗ ಫೋಟೋ ಹಿಡಿದು ಹುಡುಕುವ ಕಾಲವಲ್ಲ, ದೂರದರ್ಶಕಕ್ಕೆ ಕಣ್ಣಿಟ್ಟೇ ನೋಡಬೇಕು. ಏಷ್ಯಾ ಖಂಡದಿಂದ ಸಿಕ್ಕ ಮೊದಲನೆಯದು, ಅದಕ್ಕೇ ಹೆಸರು ಏಷ್ಯಾ, ಸಂಖ್ಯೆ 67. ಅಗಲ ಹೆಚ್ಚುಕಡಿಮೆ ಮೈಸೂರಿಂದ ಮದ್ದೂರಿನಷ್ಟು. ಪಾಠದಲ್ಲಿ ಇದು ಇರಬೇಕಿತ್ತು ಅಂತ ನನಗೆ ಬಲವಾಗಿ ಅನಿಸುತ್ತದೆ. ಮಕ್ಕಳಿಗೆ ಮದ್ರಾಸು ಗೊತ್ತು, ಅಲ್ವಾ?

ಕುವೆಂಪುನಗರದ ಅಮ್ಮ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಓದಿ ಹೇಳಿದೆ. ಏಷ್ಯಾವನ್ನೇ ನೋಡಬೇಕಂತೆ ಅವಳಿಗೆ. ಮನೆಯಲ್ಲಿ ಬೈನಾಕ್ಯುಲರ್ ಇದೆ.

ಪಾಂಡವಪುರದ ರೈತ:
ಏಷ್ಯಾ ತುಂಬಾ ಮಂಕು ಅಕ್ಕ, ಟೆಲಿಸ್ಕೋಪೇ ಬೇಕು. ಮೊದಲು ಐರಿಸ್ ಹಿಡಿಯಿರಿ. ಅದೂ ಎಲ್ಲ ವರ್ಷ ಅಷ್ಟು ಹೊಳೆಯಲ್ಲ, ಮೊಬೈಲಿನ ನಕ್ಷತ್ರ ನಕ್ಷೆಯಲ್ಲಿ ಹೆಸರು ಹಾಕಿ ನೋಡಿ. ಮೈಸೂರಿನ ಬೀದಿ ದೀಪದಲ್ಲಿ ಕಷ್ಟ. ಅಮಾವಾಸ್ಯೆ ಹತ್ತಿರ ಮೇಲುಕೋಟೆ ಕಡೆ ಬನ್ನಿ. ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಳ್ಳಿ. ಚುಕ್ಕಿಗಳನ್ನು ಮಗಳೇ ಬರೆಯಲಿ, ನೀವು ಬರೆದುಕೊಡಬೇಡಿ.