ಮಬ್ಬೋ, ಮಸುಕೋ? ಲೆನ್ಸಿನ ಗೀರು ಮತ್ತು ಜಿಡ್ಡಿನ ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಜಯನಗರದಲ್ಲಿ ನಾವು ಒಂದಷ್ಟು ಜನ ಫೋಟೊಗ್ರಫಿ ಕಲಿಯಲು ಸೇರುತ್ತೇವೆ. ಅವರಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಲೆನ್ಸಿನ ಮೇಲೆ ಏನು ಕೂತಿದೆ ಎಂದು ಹೇಳಲು ಪದಗಳಿಗೆ ಬರವಿಲ್ಲ: ಧೂಳು, ಜಿಡ್ಡು, ಕಲೆ, ಗೀರು. ತರಚು, ಪರಚು ಎರಡನ್ನೂ ಮೈ ಚರ್ಮಕ್ಕೇ ಬಿಟ್ಟಿದ್ದೇನೆ. ತೊಡಕಿರುವುದು ಇವುಗಳಿಂದ ಫೋಟೊಗೆ ಏನಾಗುತ್ತದೆ ಎಂದು ಹೇಳುವಾಗ.

ಮುಂದಿನ ಗಾಜಿನ ಮೇಲೆ ಸಣ್ಣ ಗೀರು ಬಿದ್ದರೆ ಫೋಟೊದಲ್ಲಿ ಸಾಮಾನ್ಯವಾಗಿ ಗೀರು ಕಾಣುವುದಿಲ್ಲ. ಅಷ್ಟು ಹತ್ತಿರದ್ದು ಫೋಕಸ್ಸಿಗೆ ಸಿಗುವುದೇ ಇಲ್ಲ. ಆದರೆ ಎದುರಿನಿಂದ ಬಿಸಿಲೋ ದೀಪವೋ ಬಿದ್ದರೆ ಅದು ಬೆಳಕನ್ನು ಚದುರಿಸುತ್ತದೆ. ಕಪ್ಪಿರಬೇಕಾದ ಕಡೆ ಬೂದು, ಬಣ್ಣವೆಲ್ಲ ಪೇಲವ. ಜಿಡ್ಡಿನದೂ ಇದೇ ಕಥೆ. ದೀಪ ಹಾಕಿದ ವಿಧಾನಸೌಧವನ್ನು ಬೆರಳಿನ ಜಿಡ್ಡು ಮೆತ್ತಿದ ಮೊಬೈಲಿನಲ್ಲಿ ತೆಗೆದು ನೋಡಿ. ಅಂಗಿ ತುದಿಯಿಂದ ಸುಮ್ನೆ ಒಂದು ಸಲ ಎಳೆದು ಒರೆಸಿದ್ದರೆ ಇನ್ನೂ ಮಜಾ. ಪ್ರತಿ ದೀಪದಿಂದಲೂ ಉದ್ದನೆಯ ಬೆಳಕಿನ ಗೆರೆ, ಅದೂ ಒರೆಸಿದ ದಿಕ್ಕಿಗೆ ಅಡ್ಡಲಾಗಿ! ಜಿಡ್ಡು ತೆಳುವಾಗಿದ್ದರೆ ಕಂಬಗಳ ಅಂಚು ಮಾತ್ರ ಹೆಚ್ಚು ಕೆಟ್ಟಿರುವುದಿಲ್ಲ.

ಇದಕ್ಕೂ ‘ಮಸುಕು’, ಕೈ ಅಲುಗಿದ ಫೋಟೊಗೂ ‘ಮಸುಕು’ ಅಂದರೆ ಓದುವವರಿಗೆ ಗೊಂದಲ ಅಲ್ವಾ? ಕೈ ಅಲುಗಿದರೆ ಬೇರೆ ಮದ್ದು, ಲೆನ್ಸ್ ಒರೆಸಿದರೆ ಪ್ರಯೋಜನವಿಲ್ಲ. ಹಾಗಾಗಿ ಅಂಚು ಕರಗಿದ್ದರೆ ಮಸುಕು, ಕಪ್ಪು-ಬಿಳುಪಿನ ಅಂತರ ಕಡಿಮೆಯಾಗಿದ್ದರೆ ಮಬ್ಬು ಎಂದು ಬೇರೆ ಮಾಡಿಕೊಂಡೆ. ಮೋಡ ಕವಿದಾಗ ‘ಮಬ್ಬಾಗಿದೆ’ ಅನ್ನುತ್ತೇವಲ್ಲ, ಅದೇ ಜಾಡು. ‘ಮಂಜು’ ಕೂಡ ನೆನಪಾಯಿತು, ಆದರೆ ಚಳಿಗಾಲದ ಲಾಲ್‌ಬಾಗ್ ಫೋಟೊಗಳಲ್ಲಿ ನಿಜವಾದ ಮಂಜೇ ಇರುತ್ತದೆ.

ಕ್ಯಾಮೆರಾದೊಳಗೆ ಬೆಳಕನ್ನು ಹಿಡಿಯುವ ಸೆನ್ಸರ್ ಮೇಲಿನ ಧೂಳಿಗೆ ಈ ತಲೆನೋವಿಲ್ಲ. ಎಫ್/16ರಂಥ ಕಿರಿದಾದ ಅಪರ್ಚರಿನಲ್ಲಿ (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ) ಆಕಾಶ ತೆಗೆದರೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಚುಕ್ಕೆ ಅಂದರೆ ಸಾಕು.

ಇನ್ನೊಂದು ಪದ ಉಳಿದಿದೆ. ತೇವಕ್ಕೆ ಲೆನ್ಸಿನೊಳಗೆ ಬೆಳೆಯುವ ಫಂಗಸ್ಸನ್ನು ‘ಬೂಷ್ಟು’ ಎಂದು ಬರೆದೆ. ‘ಅದು ಉಪ್ಪಿನಕಾಯಿಗೆ ಹಿಡಿಯೋದು’ ಎಂದು ಗುಂಪಿನವರೊಬ್ಬರು ನಕ್ಕರು. ಜೇಡರ ಬಲೆಯ ಹಾಗೆ ಎಳೆ ಎಳೆಯಾಗಿ ಹರಡಿ, ಬಿಟ್ಟರೆ ಗಾಜಿನ ಲೇಪವನ್ನೇ ಕೆಡಿಸುವ ಇದೂ ಬೂಷ್ಟೇ ತಾನೆ? ರಿಪೇರಿ ಅಂಗಡಿಯವರು ಮಾತ್ರ ‘ಫಂಗಸ್ ಹಿಡಿದಿದೆ ಸಾರ್’ ಅಂತಲೇ ಅನ್ನುತ್ತಾರೆ.

ಧಾರವಾಡ, ಮಂಗಳೂರು ಕಡೆಯವರು ಇದಕ್ಕೆ ಏನನ್ನುತ್ತೀರಿ? ಮಬ್ಬು, ಮಸುಕು ನಿಮ್ಮ ಮಾತಿನಲ್ಲೂ ಬೇರೆ ಬೇರೆಯಾ, ಇಲ್ಲ ಎರಡೂ ಒಂದೇನಾ?