ಇನೌಯೆ ತೂಕ ಏರಿಸಿಕೊಂಡೂ ಗೆದ್ದದ್ದು ಹೇಗೆ?

ಹೇಮಾವತಿ ದಂಡೆ: ಹಾಸನದ ಕಡೆ ಬಾಕ್ಸಿಂಗ್ ಕಲಿಯುವ ಹುಡುಗರು ಟೂರ್ನಿ ಹತ್ತಿರ ಬಂತೆಂದರೆ ಮುದ್ದೆ ಬಿಟ್ಟು, ಪ್ಲಾಸ್ಟಿಕ್ ಜಾಕೆಟ್ ಹಾಕಿಕೊಂಡು ಕ್ರೀಡಾಂಗಣ ಸುತ್ತುತ್ತಾರೆ. ಕೆಳಗಿನ ವರ್ಗದಲ್ಲಿ ಆಡಿದರೆ ಗೆಲುವು ಸುಲಭ ಅನ್ನುವ ನಂಬಿಕೆ. ಜಪಾನಿನ ನವೋಯಾ ಇನೌಯೆ ನೋಡಿದರೆ ಲೈಟ್ ಫ್ಲೈ ತೂಕದ ವರ್ಗದಿಂದ ಸೂಪರ್ ಬ್ಯಾಂಟಮ್ ವರ್ಗದವರೆಗೆ ಏರುತ್ತಲೇ ಹೋದರು. ಪಂಚಿನ ಬಲ ಕುಗ್ಗಲಿಲ್ಲ ಏಕೆ? ಹುಡುಗರಿಗೆ ಯಾವ ಫೈಟ್ ತೋರಿಸಲಿ?

ರಿಂಗ್‌ಸೈಡ್ ಅರಸೀಕೆರೆ: 2014ರ ಎರಡು ಫೈಟ್ ಅಕ್ಕಪಕ್ಕ ಇಟ್ಟು ತೋರಿಸಿ. ಏಪ್ರಿಲ್‌ನಲ್ಲಿ ಆಡ್ರಿಯನ್ ಹೆರ್ನಾಂಡೆಜ್ ವಿರುದ್ಧ ಲೈಟ್ ಫ್ಲೈ ಫೈಟ್, ತೂಕದ ಮಿತಿ 48.98 ಕೆಜಿ. ಅದು ಅವರ ಆರನೇ ವೃತ್ತಿಪರ ಫೈಟ್. ಆರನೇ ಸುತ್ತಿನಲ್ಲಿ ಮುಗಿಸಿ ಡಬ್ಲ್ಯುಬಿಸಿ ಸಂಸ್ಥೆಯ ವಿಶ್ವ ಚಾಂಪಿಯನ್ ಬೆಲ್ಟ್ ಗೆದ್ದರು, ಆದರೆ ತೂಕ ಇಳಿಸಿದ ಪರಿಣಾಮ ನಡುವೆಯೇ ಕಾಲು ಹಿಡಿದುಕೊಂಡಿತ್ತು. ಡಿಸೆಂಬರ್ 30ಕ್ಕೆ ನಡುವಿನ ಫ್ಲೈವೇಟ್ ವರ್ಗ ದಾಟಿ ನೇರ 52.16 ಕೆಜಿಯ ಸೂಪರ್ ಫ್ಲೈಗೆ ಹಾರಿದರು. ಎದುರಾಳಿ ಓಮರ್ ನಾರ್ವಾಯೆಜ್ ಅದುವರೆಗೆ ನಾಕೌಟ್ ಕಂಡವರಲ್ಲ. ನಾಲ್ಕು ಸಲ ಬಿದ್ದರು, ಎರಡನೇ ಸುತ್ತಿನಲ್ಲಿ ಕಥೆ ಮುಗಿಯಿತು. ಪಂಚ್ ಹುಟ್ಟುವುದು ಪಾದದಿಂದ. ಕಾಲಿಗೆ ಕಸುವು ಉಳಿದರೆ ಕೈಗೂ ಬರುತ್ತದೆ.

ಜಾಕೆಟ್ ಹಾಕಿ ಓಡಿದಾಗ ಹೋಗುವುದು ನೀರು, ಉಪ್ಪು, ಕೊಬ್ಬಲ್ಲ. ವೃತ್ತಿಪರರಿಗೆ ತೂಕ ನೋಡುವುದು ಹಿಂದಿನ ದಿನ, ಕುಡಿದು ಉಂಡು ಸುಧಾರಿಸಿಕೊಳ್ಳಲು ಸಮಯವಿರುತ್ತದೆ. ಅಮೆಚೂರ್ (ಹವ್ಯಾಸಿ) ಟೂರ್ನಿಯಲ್ಲಿ ಆಡುವ ದಿನ ಬೆಳಗ್ಗೆಯೇ ತೂಕ, ಫೈನಲ್‌ಗೆ ಹೋದರೆ ಮತ್ತೆ ಮತ್ತೆ ತೂಕ. ನಮ್ಮ ಹುಡುಗರು ಹೀಗೆ ಜಾಕೆಟ್ ಹಾಕಿ ತೂಕ ಇಳಿಸುವುದನ್ನು ದಯವಿಟ್ಟು ನಿಲ್ಲಿಸಬೇಕು.

ಎಡಗೈ ಹುಕ್: ನನ್ನ ಆಯ್ಕೆ 2019ರ ನವೆಂಬರ್ 7, ಸೈತಾಮಾದಲ್ಲಿ ನೊನಿಟೊ ಡೊನೇರ್ ವಿರುದ್ಧದ ಹನ್ನೆರಡು ಸುತ್ತು. ಎರಡನೇ ಸುತ್ತಿನಲ್ಲೇ ಇನೌಯೆಯ ಬಲಗಣ್ಣಿನ ಹತ್ತಿರ ಸೀಳಿತು. ಕಣ್ಣುಗೂಡಿನ ಮೂಳೆ ಮುರಿದದ್ದು ಆಮೇಲೆ ತಿಳಿಯಿತು. ಹನ್ನೊಂದನೇ ಸುತ್ತಿನಲ್ಲಿ ಇನೌಯೆಯ ಎಡಗೈ ಹುಕ್ (ಮೊಣಕೈ ಮಡಚಿ ಪಕ್ಕದಿಂದ ಹೊಡೆಯುವ ಪಂಚ್) ಡೊನೇರ್ ಲಿವರ್‌ಗೆ ಬಿತ್ತು. ಅಲ್ಲಿ ವಿಡಿಯೋ ನಿಧಾನ ಮಾಡಿ: ಪೆಟ್ಟು ತಿಂದ ಡೊನೇರ್ ತಕ್ಷಣ ಬೀಳುವುದಿಲ್ಲ, ತಿರುಗಿ ನಡೆದು ಆಮೇಲೆ ಮಂಡಿಯೂರುತ್ತಾರೆ. ಲಿವರ್ ಪೆಟ್ಟಿನ ನೋವು ತುಸು ತಡವಾಗಿಯೇ ಏರುವುದು.

ಕಲಿಸುವಾಗ ಗುರಿ ಎದುರಾಳಿಯ ಬಲ ಪಕ್ಕೆಲುಬಿನ ಕೆಳ ಅಂಚು. ಮೊದಲು ತಲೆಗೆ ಹೊಡೆದು ಅವನ ಬಲ ಮೊಣಕೈ ಮೇಲೆತ್ತಿಸಬೇಕು. ಸೊಂಟ ಬಗ್ಗಿಸದೆ ಮಂಡಿ ಮಡಚಿ ಇಳಿಯಬೇಕು, ಬಲಗೈ ಗಲ್ಲದ ಹತ್ತಿರವೇ ಇರಬೇಕು. ಹೆಚ್ಚಿನವರು ತಪ್ಪುವುದು ದೂರದಿಂದ ಕೈ ಚಾಚಿ. ಆಗ ಪೆಟ್ಟು ಮೊಣಕೈಗೆ ಬಡಿದು ಮುಷ್ಟಿಗೇ ಗಾಯ.

ಬಾಬಾಬುಡನ್: ಬೀಳುವುದನ್ನೂ ತೋರಿಸಿ. 2024ರ ಮೇ 6, ಟೋಕಿಯೊ ಡೋಮ್. ಲೂಯಿಸ್ ನೆರಿಯ ಎಡಗೈ ಹುಕ್‌ಗೆ ಮೊದಲ ಸುತ್ತಿನಲ್ಲೇ ಇನೌಯೆ ನೆಲಕ್ಕೆ, ವೃತ್ತಿಯಲ್ಲಿ ಮೊದಲ ಸಲ. ಅಷ್ಟರಲ್ಲಾಗಲೇ ಬ್ಯಾಂಟಮ್ (2022), ಸೂಪರ್ ಬ್ಯಾಂಟಮ್ (2023) ಎರಡರಲ್ಲೂ ನಾಲ್ಕೂ ಪ್ರಮುಖ ಸಂಸ್ಥೆಗಳ ವಿಶ್ವ ಬೆಲ್ಟ್ ಗೆದ್ದಿದ್ದ ಮನುಷ್ಯ. ಅವಮಾನಕ್ಕೆ ಧಡಕ್ಕನೆ ಏಳಲಿಲ್ಲ. ಬಿದ್ದವನಿಗೆ ರೆಫರಿ ಹತ್ತರವರೆಗೆ ಎಣಿಸುತ್ತಾನೆ; ಇನೌಯೆ ಮಂಡಿಯೂರಿ ಎಂಟರವರೆಗೆ ಆ ಎಣಿಕೆ ಬಳಸಿಕೊಂಡರು. ಎದ್ದ ಮೇಲೆ ಗಾರ್ಡ್ (ತಲೆ, ಮೈ ಕಾಯುವ ಕೈಗಳ ರಕ್ಷಣೆ) ಬಿಗಿ ಮಾಡಿ ಸುತ್ತು ದಾಟಿಸಿದರು, ಎರಡನೇ ಸುತ್ತಿನಲ್ಲಿ ನೆರಿಯನ್ನು ಕೆಡವಿದರು, ಆರರಲ್ಲಿ ಮುಗಿಸಿದರು. ಎಂಟರವರೆಗೆ ಕಾದು ಏಳುವುದನ್ನು ಸ್ಪಾರಿಂಗ್‌ನಲ್ಲೇ (ಅಭ್ಯಾಸದ ಫೈಟ್) ಅಭ್ಯಾಸ ಮಾಡಿಸಿ.